ಥೆರಪಿಸ್ಟ್ ಕೆಲಸದ ಜೊತೆ ಕಾದಂಬರಿ ಬರೆಯೋಕಾಗುತ್ತಾ?

ಪ್ರಶ್ನೆ: ಕ್ಲಿನಿಕಲ್ ಸೈಕಾಲಜಿ ಓದ್ತಿದೀನಿ, ಕಾದಂಬರಿನೂ ಬರೀಬೇಕು ಅಂತ ಆಸೆ, ಆದ್ರೆ ದಿನವಿಡೀ ಬೇರೆಯವರ ಕಷ್ಟ ಕೇಳಿ ಬಂದ್ಮೇಲೆ ತಲೇಲಿ ಏನಾದ್ರೂ ಉಳಿಯುತ್ತಾ? ಎರಡೂ ಮಾಡ್ತಿರೋರು ಇದೀರಾ?

ಉತ್ತರ 1: ಸಂಜೆ ಬರೆಯೋದು ಮರೆತುಬಿಡಿ. ಮೊದಲ ಸೆಷನ್‌ಗೂ ಮುಂಚೆ ಒಂದು ಪುಟ ಗೀಚಿ, ಕೆಟ್ಟದಾಗಿದ್ರೂ ಸರಿ.

ಉತ್ತರ 2: ಟೈಮ್‌ಗಿಂತ ದೊಡ್ಡ ತಲೆನೋವು ಗೋಪ್ಯತೆ. ಎಪಿಎ (ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ) ನೀತಿಸಂಹಿತೆಯ ನಿಯಮ 4.07 ನೋಡಿ, ಕ್ಲೈಂಟ್ ಗುರುತು ಮರೆಮಾಚಬೇಕು, ಇಲ್ಲಾ ಲಿಖಿತ ಒಪ್ಪಿಗೆ ಬೇಕು. ಹೆಸರು ಊರು ಬದಲಾಯಿಸಿದ್ರೆ ಮುಗೀತು ಅನ್ಕೋಬೇಡಿ, ತೀರಿಹೋದ ಗಂಡನ ಫೋನ್‌ಗೆ ದಿನಾ ಚಾರ್ಜ್ ಹಾಕೋ ಹೆಂಗಸು ಅಂತ ಬರೆದ್ರೆ ಓದಿದ ತಕ್ಷಣ ಆಕೆಗೆ ಗೊತ್ತಾಗುತ್ತೆ ಇದು ನಾನೇ ಅಂತ.

ಪ್ರಶ್ನೆ ಕೇಳಿದವರು: ಅಯ್ಯೋ, ಹಾಗಾದ್ರೆ ಬರೆಯೋದಾದ್ರೂ ಏನನ್ನ?

ಉತ್ತರ 2: ಕೇಸ್ ಬಿಡಿ, ಕೇಳೋ ಅಭ್ಯಾಸ ಇಟ್ಕೊಳ್ಳಿ. ಎಷ್ಟೋ ಜನ ಮುಖ್ಯ ಮಾತು ಹೇಳೋದೇ ಸೆಷನ್ ಮುಗಿದು ಬಾಗಿಲ ಹಿಡಿ ಮುಟ್ಟಿದಾಗ, ಡೈಲಾಗ್ ಬರೆಯೋಕೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತೆ ಹೇಳಿ.