ಎಪಿ ಅಂಕ ಬರುವ ಮೊದಲೇ ಕೋರ್ಸ್ ನೋಂದಣಿ: ಮಗಳು ಯಾವ ಕ್ಯಾಲ್ಕುಲಸ್ ಹಿಡಿಯಬೇಕು?

ಕಡಿಯಾಳಿಯ ತಾಯಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಮಗಳು ಆಗಸ್ಟ್‌ನಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಹೊರಟಿದ್ದಾಳೆ. ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜು ಮಟ್ಟದ ಪಾಠಗಳ ಮೇಲಿನ ಅಮೆರಿಕದ ಪರೀಕ್ಷೆ) ಪರೀಕ್ಷೆಗಳನ್ನು ಬರೆದು ಬಂದಳು: ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ ಮೆಕ್ಯಾನಿಕ್ಸ್, ಕೆಮಿಸ್ಟ್ರಿ. ಅಂಕ ಬರುವುದು ಜುಲೈ ಮೊದಲ ಭಾಗದಲ್ಲಿ. ಆದರೆ ಕೋರ್ಸ್ ನೋಂದಣಿ ಈ ಗುರುವಾರವೇ, ನಮ್ಮ ಸಂಜೆ ಆರೂವರೆಗೆ ಶುರುವಾಗುತ್ತದೆ.

ನಮಗೆ ಗೊತ್ತಿರುವ ಕ್ರಮವೇ ಬೇರೆ. ಸಿಇಟಿಯಲ್ಲಾದರೆ ರ‍್ಯಾಂಕ್ ಮೊದಲು, ಆಪ್ಷನ್ ಎಂಟ್ರಿ ಆಮೇಲೆ. ಇಲ್ಲಿ ಕೈಯಲ್ಲಿ ಏನಿದೆ ಎಂದು ತಿಳಿಯುವ ಮೊದಲೇ ಆರಿಸಬೇಕು. ಎಪಿ ಅಂಕ 1ರಿಂದ 5ರವರೆಗೆ. ವಿಶ್ವವಿದ್ಯಾಲಯದ ಕೋಷ್ಟಕದ ಪ್ರಕಾರ ಬಿಸಿಯಲ್ಲಿ 4 ಬಂದರೆ ಕ್ಯಾಲ್ಕುಲಸ್ 1ರ ಕ್ರೆಡಿಟ್ (ಅಂದರೆ ಆ ಕೋರ್ಸ್ ಮುಗಿಸಿದಂತೆಯೇ ಲೆಕ್ಕ), 5 ಬಂದರೆ 1 ಮತ್ತು 2 ಎರಡರದ್ದೂ, 3 ಬಂದರೆ ಏನೂ ಇಲ್ಲ. ಅಂದರೆ ಅವಳು ಮೂರರಲ್ಲಿ ಯಾವ ತರಗತಿಯಲ್ಲಾದರೂ ಕೂರಬೇಕಾಗಬಹುದು. ನಿನ್ನೆ ರಾತ್ರಿ ಜೊತೆಯಲ್ಲಿ ಕುಳಿತು ಪೋರ್ಟಲ್ ನೋಡಿದೆವು. ಕ್ಯಾಲ್ಕುಲಸ್ 2ನ್ನು ಕಾರ್ಟ್‌ಗೆ ಹಾಕಿ ಪರೀಕ್ಷಿಸಿದರೆ, ಅದಕ್ಕೆ ಮೊದಲು ಮುಗಿಸಬೇಕಾದ ಕೋರ್ಸ್ ಮುಗಿದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ಬೆಳಗ್ಗೆ ಹತ್ತರ ತರಗತಿಯಲ್ಲಿ 30 ಸೀಟುಗಳ ಪೈಕಿ 7 ಮಾತ್ರ ಉಳಿದಿವೆ. ಜುಲೈವರೆಗೆ ಅವು ಎಲ್ಲಿ ಉಳಿಯುತ್ತವೆ?

ನಮ್ಮ ಯಜಮಾನರು, ಅಂಕ ಎಷ್ಟೇ ಬರಲಿ, ಕ್ಯಾಲ್ಕುಲಸ್ 1ನ್ನೇ ಓದಲಿ, ಅಡಿಪಾಯ ಗಟ್ಟಿಯಾಗುತ್ತದೆ ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆಯ ಜೊತೆಗೇ ಇದನ್ನೂ ಓದಿದವಳು ಅವಳು. ರಾತ್ರಿ ಹನ್ನೊಂದರ ಮೇಲೂ ಅಡುಗೆಮನೆಯ ಮೇಜಿನಲ್ಲಿ ಲೆಕ್ಕ ಬಿಡಿಸುತ್ತಿದ್ದ ಮಗು. ಆ ಶ್ರಮ ವ್ಯರ್ಥವಾಗಬಾರದು. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬಿಜೈಯವನು, ಮಂಗಳೂರು

ಮೇಡಂ, ನಾನು ಅಮೆರಿಕದಲ್ಲಿ ಮೂರನೇ ವರ್ಷದ ವಿದ್ಯಾರ್ಥಿ, ರಜೆಗೆ ಮನೆಗೆ ಬಂದಿದ್ದೇನೆ. ಮೊದಲು ಒಂದು ವಿಷಯ ನೋಡಿಕೊಳ್ಳಿ. ಎಪಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಖಾತೆಯಲ್ಲಿ ಅಂಕ ಯಾರಿಗೆ ಹೋಗಬೇಕು ಎಂದು ಮಗಳು ಆರಿಸಿದ್ದಾಳೆಯೇ? ಜೂನ್ 20ರೊಳಗೆ ಆರಿಸಿದರೆ ಒಂದು ಸಂಸ್ಥೆಗೆ ಉಚಿತವಾಗಿ ಕಳುಹಿಸುತ್ತಾರೆ, ಆಮೇಲಾದರೆ ಶುಲ್ಕ ಕಟ್ಟಬೇಕು. ಅಂಕ ಅವಳ ಮೊಬೈಲಿನಲ್ಲಿ ಕಂಡ ಮಾತ್ರಕ್ಕೆ ವಿಶ್ವವಿದ್ಯಾಲಯದ ದಾಖಲೆಗೆ ಏರುವುದಿಲ್ಲ. ಅವರ ಕಚೇರಿ ಅದನ್ನು ಕ್ರೆಡಿಟ್ ಆಗಿ ನಮೂದಿಸಲು ಮತ್ತಷ್ಟು ದಿನ ಹಿಡಿಯುತ್ತದೆ. ಆ ಕೆಂಪು ಅಕ್ಷರ ಹೋಗುವುದು ಆಗ.

ಗುರುವಾರ ಕ್ಯಾಲ್ಕುಲಸ್ 1ನ್ನು ಹಿಡಿದಿಟ್ಟುಕೊಳ್ಳಲಿ. ಬಸ್ಸಿನ ಸೀಟಿಗೆ ಟವೆಲು ಹಾಕಿಟ್ಟ ಹಾಗೆ, ಅಷ್ಟೇ. ಆದರೆ ವೇಳಾಪಟ್ಟಿ ಜೋಡಿಸುವಾಗ ಕ್ಯಾಲ್ಕುಲಸ್ 2 ಮತ್ತು 3ರ ತರಗತಿಗಳು ಯಾವ ಹೊತ್ತಿಗಿವೆ ಎಂದು ಬರೆದುಕೊಂಡು, ಆ ಹೊತ್ತನ್ನು ಖಾಲಿ ಬಿಟ್ಟು ಉಳಿದವನ್ನು ಕೂರಿಸಿ. ಜುಲೈನಲ್ಲಿ ಗಣಿತ ಒಂದನ್ನು ಬದಲಿಸಲು ಹೋಗಿ ಲ್ಯಾಬ್, ಇಂಗ್ಲಿಷ್ ಎಲ್ಲವೂ ಅಲುಗಾಡಬಾರದು. ಬದಲಿಸುವಾಗ ಇದ್ದದ್ದನ್ನು ಮೊದಲು ಬಿಟ್ಟು ಹೊಸದನ್ನು ಹುಡುಕಬೇಡಿ. ಪೋರ್ಟಲ್‌ನಲ್ಲಿ ‘ಸ್ವಾಪ್’ ಇದ್ದರೆ ಅದನ್ನೇ ಬಳಸಿ. ಹೊಸದು ಸಿಕ್ಕಿದರೆ ಮಾತ್ರ ಹಳೆಯದು ಕೈಬಿಡುತ್ತದೆ.

ಇನ್ನೊಂದು ಮುಖ್ಯ ಮಾತು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಪದವಿ ವಿದ್ಯಾರ್ಥಿಗಳು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಎಪಿಯಿಂದ ಬಂದ ಕ್ರೆಡಿಟ್ ಆ 12ಕ್ಕೆ ಸೇರುವುದಿಲ್ಲ. ಮೂರೂ ವಿಷಯಗಳಲ್ಲಿ ಕ್ರೆಡಿಟ್ ಬಂದು ಮೂರೂ ಕೋರ್ಸ್‌ಗಳನ್ನು ಸಂತೋಷದಿಂದ ಬಿಟ್ಟುಬಿಟ್ಟರೆ ಸಂಖ್ಯೆ ಕೆಳಗಿಳಿಯುತ್ತದೆ. ಆದ್ದರಿಂದ ಬದಲಿಗೆ ತೆಗೆದುಕೊಳ್ಳುವ ಒಂದೆರಡು ಕೋರ್ಸ್‌ಗಳನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ.

ಮಳೆಗಾಲದ ಸಂಜೆ ಆರೂವರೆ ಎಂದರೆ ಕರೆಂಟ್ ನಂಬುವ ಹೊತ್ತಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಮೊಬೈಲ್ ಇಂಟರ್ನೆಟ್ ಸಿದ್ಧವಿಟ್ಟುಕೊಂಡೇ ಕುಳಿತುಕೊಳ್ಳಿ.

ನಿವೃತ್ತ ಗಣಿತ ಉಪನ್ಯಾಸಕ, ಸುರತ್ಕಲ್

ಅಮ್ಮಾ, ನೋಂದಣಿಯ ವಿಷಯದಲ್ಲಿ ಆ ಹುಡುಗ ಹೇಳಿದ್ದು ಸರಿಯಾಗಿದೆ. ನಾನು ಗಣಿತದ ಬಗ್ಗೆ ಹೇಳುತ್ತೇನೆ. ಪಿಯುಸಿ ಪುಸ್ತಕದಲ್ಲಿ ಅವಕಲನ, ಅನುಕಲನ ಎರಡೂ ಚೆನ್ನಾಗಿಯೇ ಇವೆ, ಕ್ಯಾಲ್ಕುಲಸ್ 1ರ ಹೆಚ್ಚಿನ ಪಾಠ ಅದೇ. ಎರಡು ಸಲ ಓದಿದ್ದನ್ನು ಮೂರನೇ ಸಲ ಕೇಳಿದರೆ ಅಡಿಪಾಯ ಗಟ್ಟಿಯಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಗೊತ್ತಿರುವ ಪಾಠವೆಂದು ಗಮನ ಬಿಟ್ಟು, ಹೊಸದು ಶುರುವಾದದ್ದೇ ತಿಳಿಯದೆ ಹಿಂದೆ ಬಿದ್ದ ಜಾಣ ಮಕ್ಕಳನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ.

ಎಚ್ಚರ ಬೇಕಾದದ್ದು 5 ಬಂದಾಗ. ಬಿಸಿ ಪಠ್ಯದಲ್ಲಿರುವ ಅನಂತ ಶ್ರೇಣಿಗಳ ಪರೀಕ್ಷೆಗಳು, ಟೇಲರ್ ಶ್ರೇಣಿ ಇವೆಲ್ಲ ನಮ್ಮ ಪಿಯುಸಿಯಲ್ಲಿ ಇಲ್ಲ. ಅವನ್ನು ಅವಳು ಎಪಿಗಾಗಿ ಮಾತ್ರ ಓದಿರುತ್ತಾಳೆ. ಹೀಗೆ ಕೇಳಿ ನೋಡಿ: 1, 1/2, 1/3, 1/4 ಎಂದು ಕೂಡುತ್ತಾ ಹೋದರೆ ಮೊತ್ತಕ್ಕೆ ಮಿತಿಯೇ ಇಲ್ಲ, 1, 1/4, 1/9, 1/16 ಎಂದು ಕೂಡುತ್ತಾ ಹೋದರೆ ಅದು 2ನ್ನು ದಾಟುವುದೇ ಇಲ್ಲ. ಎರಡರಲ್ಲೂ ಕೂಡುವ ಸಂಖ್ಯೆ ಚಿಕ್ಕದಾಗುತ್ತಲೇ ಹೋಗುತ್ತದೆ, ಆದರೂ ಈ ವ್ಯತ್ಯಾಸ ಏಕೆ? ಪುಸ್ತಕ ಮುಚ್ಚಿಟ್ಟು ನಿಮಗೆ ಅರ್ಥವಾಗುವಂತೆ ಅವಳು ವಿವರಿಸಿದರೆ ಧೈರ್ಯವಾಗಿ ಕ್ಯಾಲ್ಕುಲಸ್ 3ಕ್ಕೆ ಹೋಗಲಿ. ತಡವರಿಸಿದರೆ ಇನ್ನೂ ಸಮಯವಿದೆ. ಆ ವಿಶ್ವವಿದ್ಯಾಲಯದ ಗಣಿತ ವಿಭಾಗದ ಜಾಲತಾಣದಲ್ಲಿ ಕ್ಯಾಲ್ಕುಲಸ್ 2ರ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕಿದರೆ ಗಡಿಯಾರ ಮುಂದಿಟ್ಟುಕೊಂಡು ಬಿಡಿಸಲಿ.

ಬಿಸಿ ಬರೆದವರಿಗೆ ಅದರೊಳಗಿನ ಎಬಿ ಭಾಗದ (ಸುಮಾರಾಗಿ ಕ್ಯಾಲ್ಕುಲಸ್ 1ರ ಪಾಠಗಳ) ಅಂಕವನ್ನು ಬೇರೆಯಾಗಿ ತೋರಿಸುತ್ತಾರೆ. ಒಟ್ಟು 3 ಬಂದರೂ ಆ ಭಾಗದಲ್ಲಿ 4 ಇದ್ದರೆ ಕ್ಯಾಲ್ಕುಲಸ್ 1ರ ಕ್ರೆಡಿಟ್ ಕೊಡುವ ವಿಶ್ವವಿದ್ಯಾಲಯಗಳಿವೆ. ನಿಮ್ಮ ಕೋಷ್ಟಕದ ಕೆಳಗಿನ ಟಿಪ್ಪಣಿಗಳನ್ನೂ ಓದಿ.

ಕುಂದಾಪುರದ ತಂದೆ

ಕ್ರೆಡಿಟ್ ಇದ್ದೂ ಅದೇ ಕೋರ್ಸನ್ನು ತರಗತಿಯಲ್ಲಿ ಮುಗಿಸಿದರೆ ಸಾಮಾನ್ಯವಾಗಿ ಎಪಿ ಕ್ರೆಡಿಟ್ ರದ್ದಾಗುತ್ತದೆ, ಒಂದೇ ವಿಷಯಕ್ಕೆ ಎರಡು ಸಲ ಕೊಡುವುದಿಲ್ಲ. ಕಟ್ಟಿದ ಶುಲ್ಕವಂತೂ ವಾಪಸು ಬರುವುದಿಲ್ಲ. ಯಜಮಾನರಿಗೆ ಇದನ್ನು ಹೇಳಿ. ನಾವು ಮಗನಿಗೆ ಕೆಮಿಸ್ಟ್ರಿಯ ಕ್ರೆಡಿಟ್ ಉಳಿಸಿಕೊಂಡೆವು, ಏನೂ ತೊಂದರೆ ಆಗಲಿಲ್ಲ. ಮುಂದೆ ವೈದ್ಯಕೀಯ ಓದುವ ಯೋಚನೆ ಇದ್ದರೆ ಮಾತ್ರ ಬೇರೆ. ಅಲ್ಲಿನ ಕೆಲವು ವೈದ್ಯಕೀಯ ಕಾಲೇಜುಗಳು ಎಪಿ ಕೆಮಿಸ್ಟ್ರಿಯನ್ನು ಒಪ್ಪುವುದಿಲ್ಲ.

ಕಡಿಯಾಳಿಯ ತಾಯಿ, ಉಡುಪಿ

ಎಲ್ಲರಿಗೂ ಮನಸಾರೆ ಧನ್ಯವಾದ. ಕಾಲೇಜ್ ಬೋರ್ಡ್ ಖಾತೆಯಲ್ಲಿ ವಿಶ್ವವಿದ್ಯಾಲಯದ ಹೆಸರು ಇದೆ. ಸರ್, ನಿಮ್ಮ ಪ್ರಶ್ನೆಯನ್ನು ಊಟದ ಹೊತ್ತಿಗೆ ಕೇಳಿದೆ. ಒಂದು ಕಾಗದ ತಂದು, 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಸೇರಿದರೂ ಅರ್ಧಕ್ಕಿಂತ ಹೆಚ್ಚು, ಹೀಗೆ ಅರ್ಧಗಳು ಮುಗಿಯುವುದೇ ಇಲ್ಲ ಎಂದು ಗುಂಪು ಮಾಡಿ ತೋರಿಸಿದಳು. ಅವಳಪ್ಪನೂ ಬಗ್ಗಿ ನೋಡಿದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕು ಎಂದಿದ್ದಾಳೆ.

ಒಂದು ಸಂದೇಹ ಉಳಿದಿದೆ. ಜುಲೈನಲ್ಲಿ ಕ್ಯಾಲ್ಕುಲಸ್ 2 ಭರ್ತಿಯಾಗಿದ್ದರೆ ಕಾಯುವ ಪಟ್ಟಿಗೆ ಸೇರಿಸಿ ಕ್ಯಾಲ್ಕುಲಸ್ 1ನ್ನು ಬಿಟ್ಟುಬಿಡಬಹುದೇ?

ಬಿಜೈಯವನು, ಮಂಗಳೂರು

ಬಿಡಬೇಡಿ ಮೇಡಂ. ಕಾಯುವ ಪಟ್ಟಿಯಲ್ಲಿರುವ ಕೋರ್ಸ್ 12ರ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯಲ್ಲೂ ಹೆಸರಿರಲಿ, ಕ್ಯಾಲ್ಕುಲಸ್ 1 ಕೂಡ ಇರಲಿ. ತರಗತಿ ಶುರುವಾದ ಮೊದಲ ದಿನಗಳಲ್ಲಿ ಎಷ್ಟೋ ಮಂದಿ ಕೋರ್ಸ್ ಬದಲಿಸುತ್ತಾರೆ, ಸೀಟು ಖಾಲಿಯಾಗುತ್ತದೆ. ಸೇರಿಸಲು, ಬಿಡಲು ಕೊನೆಯ ದಿನ ಯಾವುದು ಎಂದು ಅವರ ಶೈಕ್ಷಣಿಕ ಕ್ಯಾಲೆಂಡರಿನಲ್ಲಿ ನೋಡಿಡಿ. ವಿಶ್ವವಿದ್ಯಾಲಯದ ಶೈಕ್ಷಣಿಕ ಸಲಹೆಗಾರರಿಗೆ ಮಗಳು ಇವತ್ತೇ ಒಂದು ಇಮೇಲ್ ಬರೆಯಲಿ. ಎಪಿ ಅಂಕ ಬಾಕಿ ಇದೆ, ಬಂದ ಕೂಡಲೇ ಕ್ಯಾಲ್ಕುಲಸ್ 2 ಅಥವಾ 3ಕ್ಕೆ ಅನುಮತಿ ಕೊಡಬಹುದೇ ಎಂದು ಕೇಳಲಿ. ವಿದ್ಯಾರ್ಥಿ ಸಂಖ್ಯೆಯನ್ನು ಇಮೇಲಿನ ಮೊದಲ ಸಾಲಿನಲ್ಲೇ ಹಾಕಲಿ.