ಅಮ್ಮನ ಮರೆವಿಗೆ ಮಿದುಳಿನ ವ್ಯಾಯಾಮದ ಆ್ಯಪ್‌ನಿಂದ ಪ್ರಯೋಜನವಿದೆಯೇ?

ತುಂಗಾತೀರ (ಪ್ರಶ್ನೆ):

ನನ್ನ ತಾಯಿಗೆ 68 ವರ್ಷ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ವಿಷ್ಣುಸಹಸ್ರನಾಮವನ್ನು ಇಂದಿಗೂ ಒಂದಕ್ಷರ ತಪ್ಪದೆ ಹೇಳುತ್ತಾರೆ; ಹದಿನೇಳರ ಮಗ್ಗಿ ಕೇಳಿದರೆ ತಡವರಿಸದೆ ಒಪ್ಪಿಸುತ್ತಾರೆ. ಆದರೆ ತಿಂಡಿಯಾದ ಮೇಲೆ ಬಿಪಿ ಮಾತ್ರೆ ನುಂಗಿದ್ದಾಯಿತೋ ಇಲ್ಲವೋ ಎಂಬುದು ಹತ್ತು ಗಂಟೆಯ ಹೊತ್ತಿಗೆ ಅವರಿಗೆ ನೆನಪಿರುವುದಿಲ್ಲ, ಎದುರುಮನೆಗೆ ಹೊಸದಾಗಿ ಬಂದವರ ಹೆಸರು ಎಷ್ಟು ಸಲ ಹೇಳಿದರೂ ನಿಲ್ಲುವುದಿಲ್ಲ. ನೆಂಟರು ‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುತ್ತಾರೆ. ನನ್ನ ತಮ್ಮ ಮಾತ್ರ ಮಿದುಳಿಗೆ ವ್ಯಾಯಾಮ ಕೊಡುತ್ತೇವೆನ್ನುವ ಮೊಬೈಲ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಲು ಹೊರಟಿದ್ದಾನೆ. ವಯಸ್ಸಾದಂತೆ ನೆನಪಿಗೆ ನಿಜವಾಗಿ ಆಗುವುದೇನು, ಇಂಥ ತರಬೇತಿ ಅದನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ವೈದ್ಯ:

ತಾವು ವಿವರಿಸಿರುವ ರೀತಿಯಲ್ಲೇ ಉತ್ತರದ ಅರ್ಧ ಭಾಗವಿದೆ. ಬಾಲ್ಯದಲ್ಲಿ ಬಾಯಿಪಾಠವಾದ ಸ್ತೋತ್ರ, ಮಗ್ಗಿ, ಪದಗಳ ಅರ್ಥ, ಕೈಗೆ ಒಗ್ಗಿಹೋದ ಕೆಲಸ ಇವು ಮುಪ್ಪಿಗೆ ಸುಲಭವಾಗಿ ಸೋಲುವುದಿಲ್ಲ. ಶಬ್ದಸಂಪತ್ತಂತೂ ಅರವತ್ತರವರೆಗೂ ಬೆಳೆಯುತ್ತಲೇ ಇರಬಹುದು. ಸೊರಗುವುದು ಹೊಸದಾಗಿ ನಡೆದದ್ದನ್ನು ಎಲ್ಲಿ, ಯಾವಾಗ ಎಂಬ ವಿವರದೊಂದಿಗೆ ದಾಖಲಿಸಿಕೊಳ್ಳುವ ಶಕ್ತಿ. ಆ ಕೆಲಸಕ್ಕೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಇಳಿವಯಸ್ಸಿನಲ್ಲಿ ಮೆಲ್ಲಗೆ ಕುಗ್ಗುತ್ತದೆ. ಯೋಚನೆಯ ವೇಗವೂ ತಗ್ಗುವುದರಿಂದ ಹೆಸರು ನಾಲಿಗೆಯ ತುದಿಗೆ ಬಂದು ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೊಳೆಯುತ್ತದೆ. ಇಷ್ಟೇ ಆಗಿದ್ದರೆ ಗಾಬರಿಪಡಬೇಕಾಗಿಲ್ಲ.

ಆದರೆ ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯೊಳಗೆ ಮತ್ತೆ ಮತ್ತೆ ಕೇಳಿ, ಕೇಳಿದ್ದೇ ನೆನಪಿಲ್ಲವೆನ್ನುವುದು, ದಿನವೂ ಹೋಗುವ ದೇವಸ್ಥಾನದಿಂದ ಮನೆಗೆ ಬರುವ ದಾರಿ ತಪ್ಪುವುದು, ಐವತ್ತು ವರ್ಷ ಮಾಡಿದ ಸಾರಿಗೆ ಯಾವುದರ ನಂತರ ಯಾವುದು ಎಂದು ತೋಚದೆ ನಿಲ್ಲುವುದು ಇವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಬಿಡಬಾರದು. ಆ ಗಾದೆ ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯನ್ನು ತಡಮಾಡಿಸಿದೆ ಎಂಬುದು ನನ್ನ ಅಭಿಪ್ರಾಯ. ಆ್ಯಪ್‌ಗೆ ದುಡ್ಡು ಕೊಡುವ ಮೊದಲು ರಕ್ತದಲ್ಲಿ ಬಿ12, ಥೈರಾಯ್ಡ್ ಮತ್ತು ಸಕ್ಕರೆಯ ಪ್ರಮಾಣವನ್ನು ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ನಿದ್ದೆಯ ಮಾತ್ರೆಗಳು, ನೆಗಡಿಗೆಂದು ಅಂಗಡಿಯಿಂದ ತರುವ ತೂಕಡಿಕೆ ಬರಿಸುವ ಹಳೆಯ ಮಾತ್ರೆಗಳು ವೃದ್ಧರ ಬುದ್ಧಿಗೆ ಮಂಕು ಕವಿಸುತ್ತವೆ. ಖಿನ್ನತೆ ಮರೆವಿನ ವೇಷದಲ್ಲಿ ಬರುವುದೂ ಉಂಟು. ಇವೆಲ್ಲ ಬಹುಮಟ್ಟಿಗೆ ಸರಿಪಡಿಸಬಹುದಾದಂಥವು.

ಮನೋವಿಜ್ಞಾನದ ಮೇಷ್ಟ್ರು:

ತರಬೇತಿಯ ಬಗ್ಗೆ ನಾನು ಬರೆಯುತ್ತೇನೆ. ಅಮೆರಿಕದಲ್ಲಿ ನಡೆದ ‘ಆ್ಯಕ್ಟಿವ್’ ಎಂಬ ಪ್ರಯೋಗದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರನ್ನು ನಾಲ್ಕು ಗುಂಪುಗಳಾಗಿ ಮಾಡಿ, ಒಂದಕ್ಕೆ ನೆನಪಿಟ್ಟುಕೊಳ್ಳುವ ಉಪಾಯಗಳನ್ನು, ಇನ್ನೊಂದಕ್ಕೆ ತರ್ಕವನ್ನು, ಮೂರನೆಯದಕ್ಕೆ ಕಣ್ಣಿಗೆ ಬಿದ್ದದ್ದನ್ನು ಬೇಗ ಗುರುತಿಸುವ ವೇಗವನ್ನು ಐದಾರು ವಾರಗಳಲ್ಲಿ ಹತ್ತು ಪಾಠಗಳಾಗಿ ಕಲಿಸಲಾಯಿತು. ನಾಲ್ಕನೆಯ ಗುಂಪಿಗೆ ಏನನ್ನೂ ಕಲಿಸಲಿಲ್ಲ. 2002ರಲ್ಲಿ ಬಂದ ಮೊದಲ ಫಲಿತಾಂಶದ ಪ್ರಕಾರ ಪ್ರತಿಯೊಂದು ಗುಂಪೂ ತಾನು ಕಲಿತ ವಿಷಯದಲ್ಲಿ ಸುಧಾರಿಸಿತ್ತು, ಕಲಿಯದ ವಿಷಯದಲ್ಲಿ ಇದ್ದಲ್ಲೇ ಇತ್ತು. ಹತ್ತು ವರ್ಷಗಳ ನಂತರದ ಫಲಿತಾಂಶ 2014ರಲ್ಲಿ ಪ್ರಕಟವಾದಾಗ ತರ್ಕದ ಮತ್ತು ವೇಗದ ಲಾಭ ಉಳಿದಿತ್ತು. ನೆನಪಿನ ಪಾಠದ ಲಾಭ ಉಳಿದಿರಲಿಲ್ಲ. ಹಾಗಿದ್ದೂ ಮೂರೂ ಗುಂಪಿನವರು ದಿನನಿತ್ಯದ ಕೆಲಸಗಳಲ್ಲಿ ತಮಗೆ ಕಷ್ಟ ಕಡಿಮೆ ಎಂದರು. ಅದು ಅವರ ಬಾಯಿಮಾತು, ಪರೀಕ್ಷೆಯ ಅಂಕವಲ್ಲ ಎಂಬುದನ್ನು ಮರೆಯಬಾರದು.

ಆ್ಯಪ್ ಮಾರುವವರು ಇಂಥ ಫಲಿತಾಂಶಗಳಲ್ಲಿ ತಮಗೆ ಬೇಕಾದ ಸಾಲನ್ನಷ್ಟೇ ಎತ್ತಿಕೊಳ್ಳುತ್ತಾರೆ. ಲುಮಾಸಿಟಿ ಎಂಬ ಪ್ರಸಿದ್ಧ ಆಟಗಳ ಕಂಪನಿಯ ಜಾಹೀರಾತಿಗೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿದ್ದರಿಂದ, 2016ರಲ್ಲಿ ಅದು 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಪರದೆಯ ಮೇಲೆ ಚೌಕಗಳ ಜಾಗ ನೆನಪಿಡುವುದನ್ನು ಕಲಿತವರಿಗೆ ಮಾತ್ರೆ ನುಂಗಿದ್ದು ನೆನಪಿರುತ್ತದೆಂದು ನಾನು ನಂಬುವುದಿಲ್ಲ.

ಶ್ರೀನಿವಾಸಪುರದವನು:

ಮೇಷ್ಟ್ರ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಫಿನ್ಲೆಂಡಿನ ‘ಫಿಂಗರ್’ ಪ್ರಯೋಗದಲ್ಲಿ 60ರಿಂದ 77 ವಯಸ್ಸಿನ 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಕಾಲ ಆಹಾರ, ವ್ಯಾಯಾಮ, ಕಂಪ್ಯೂಟರ್ ಮೇಲಿನ ಬುದ್ಧಿಯ ಅಭ್ಯಾಸ ಮತ್ತು ಬಿಪಿ, ಸಕ್ಕರೆಯ ನಿಗಾ ಇಷ್ಟನ್ನೂ ಒಟ್ಟಿಗೆ ಕೊಟ್ಟಾಗ, ಬರೀ ಸಲಹೆ ಪಡೆದವರಿಗಿಂತ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವರ ಒಟ್ಟಾರೆ ಸುಧಾರಣೆ ಶೇ 25ರಷ್ಟು ಹೆಚ್ಚಿತ್ತು. ಆದ್ದರಿಂದ ಅಭ್ಯಾಸ ಪೂರಾ ವ್ಯರ್ಥವೆನ್ನಲಾಗದು. ಅದೊಂದನ್ನೇ ನೆಚ್ಚಿ ಕೂರುವುದು ವ್ಯರ್ಥ.

ಇದೆಲ್ಲ ಹೊರದೇಶದ ಮಾತಾಯಿತು ಎನ್ನುವವರಿಗೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ 45 ದಾಟಿದ ಸುಮಾರು ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನ ಕೈಗೊಂಡಿದ್ದಾರೆ. ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ (ನೆನಪು, ಬುದ್ಧಿಶಕ್ತಿ ಕುಂದುತ್ತ ಹೋಗುವ ಕಾಯಿಲೆ) ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿದ್ದು ಕಂಡಿತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ನಮ್ಮ ಗಡಿಯವರಿಗೆ ಸಮಾಧಾನದ ಸುದ್ದಿ. ಆದರೆ ಅದು ಬದುಕಿಡೀ ಆಡಿದ ಭಾಷೆಗಳ ಫಲ. ಎಪ್ಪತ್ತರಲ್ಲಿ ಹೊಸ ಭಾಷೆ ಕಲಿತರೆ ಅಷ್ಟೇ ಸಿಗುತ್ತದೆಂದು ಅದರಿಂದ ತೀರ್ಮಾನಿಸಲಾಗದು.

ಅಮ್ಮನವರ ಕಿವಿಯನ್ನೂ ಪರೀಕ್ಷಿಸಿ. ನಮ್ಮ ತಂದೆಯವರಿಗೆ ಮರೆವೆಂದು ನಾವು ತಿಳಿದದ್ದರಲ್ಲಿ ಬಹುಪಾಲು, ಹೇಳಿದ್ದು ಸರಿಯಾಗಿ ಕೇಳಿಸದೆ ಹೂಂಗುಟ್ಟಿದ್ದಾಗಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ವ್ಯವಸ್ಥೆಯಿದೆ.

ತುಂಗಾತೀರ:

ಎಲ್ಲರಿಗೂ ವಂದನೆಗಳು. ಅಮ್ಮ ದಾರಿ ತಪ್ಪಿಲ್ಲ, ಅಡುಗೆಯೂ ಕೆಟ್ಟಿಲ್ಲ. ಟಿವಿಯ ಸದ್ದು ಮಾತ್ರ ಈಚೆಗೆ ಜೋರಾಗಿದೆ. ಆ್ಯಪ್ ಬೇಡವೆಂದಾದರೆ ಮನೆಯಲ್ಲಿ ಏನು ಮಾಡಿಸಬಹುದು?

ಮನೋವಿಜ್ಞಾನದ ಮೇಷ್ಟ್ರು:

ಯಾವುದು ಮರೆಯುತ್ತದೋ ಅದನ್ನೇ ಅಭ್ಯಾಸ ಮಾಡಿಸಿ. ಎದುರುಮನೆಯವರ ಹೆಸರನ್ನು ತಾವು ಹತ್ತು ಸಲ ಹೇಳುವುದಕ್ಕಿಂತ, ಒಂದು ಸಲ ಹೇಳಿ, ಒಂದು ನಿಮಿಷ ಬಿಟ್ಟು ಅವರಿಂದಲೇ ಹೇಳಿಸಿ. ಆಮೇಲೆ ಐದು ನಿಮಿಷಕ್ಕೆ, ಊಟದ ಹೊತ್ತಿಗೆ, ಮರುದಿನ ಬೆಳಿಗ್ಗೆ ಹೀಗೆ ಅಂತರ ಹೆಚ್ಚಿಸುತ್ತ ಕೇಳಿ. ಕಿವಿಗೆ ಬಿದ್ದದ್ದಕ್ಕಿಂತ ತಾವೇ ಹುಡುಕಿ ತೆಗೆದದ್ದು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಮಾತ್ರೆಗೆ ಮಾತ್ರ ನೆನಪನ್ನು ನಂಬಬೇಡಿ. ವಾರದ ಏಳು ಗೂಡುಗಳಿರುವ ಡಬ್ಬಿ ಔಷಧದ ಅಂಗಡಿಯಲ್ಲೇ ಸಿಗುತ್ತದೆ, ಗೂಡು ಖಾಲಿಯಾಗಿದ್ದರೆ ನುಂಗಿದ್ದಾಯಿತು. ಶಿಕ್ಷಕಿಯಾಗಿದ್ದವರಲ್ಲವೇ, ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳಲು ಒಪ್ಪಿದರೆ ಹೊಸ ಹೆಸರು, ಹೊಸ ಮಾತು ಎಲ್ಲವೂ ಅದರಲ್ಲೇ ಬಂತು.

ನಿವೃತ್ತ ವೈದ್ಯ:

ನಡಿಗೆಯನ್ನು ಸೇರಿಸಿ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ವರ್ಷ ಚುರುಕಾಗಿ ನಡೆದ ವೃದ್ಧರ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಮುಂದೆ ಮರೆವು ಹೆಚ್ಚಿದಂತೆ ಕಂಡು ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರಲ್ಲಿಗೋ ಹೋಗಬೇಕಾದರೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು, ಅವರ ಜೊತೆಯಲ್ಲೇ ವಾಸವಿರುವವರು ಹೋಗಿ. ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಸಿರೆಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಿಗೆ ಸಿದ್ಧಪಡಿಸಿದ ಪರೀಕ್ಷೆಗಳಲ್ಲಿ ಕನ್ನಡವೂ ಇದೆ.