ಛಬಿಮುರಾಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ: ಡಿಸೆಂಬರಿನಲ್ಲಿ ಅಮ್ಮನ ಜೊತೆ ತ್ರಿಪುರಾಕ್ಕೆ ಹೊರಟಿದ್ದೇವೆ. ಅವರಿಗೆ 68, ಮಂಡಿ ನೋವು. ಗೋಮತಿ ನದಿಯ ದಂಡೆ ಮೇಲೆ ಬಂಡೆಯಲ್ಲೇ ದೇವರುಗಳನ್ನು ಕೆತ್ತಿದ್ದಾರಲ್ಲ, ಆ ಛಬಿಮುರಾ ನೋಡಲೇಬೇಕು ಅಂತ ಅವರದೇ ಹಠ. ಬಂಡೆ ಕೆತ್ತನೆಗಳಿರುವ ಇನ್ನೊಂದು ಜಾಗ ಉನಕೋಟಿಗೂ ಹೋಗೋಣವಾ, ಇದೊಂದೇ ಸಾಕಾ?

ಶಿವಮೊಗ್ಗದಿಂದ: ಮಂಡಿ ನೋವು ಅಂದರೆ ಕಣ್ಣು ಮುಚ್ಚಿಕೊಂಡು ಛಬಿಮುರಾ ಅನ್ನಿ. ಉನಕೋಟಿಯ ಮೆಟ್ಟಿಲು ಹತ್ತಿ ಇಳಿದು ನನಗೇ ಸಾಕುಸಾಕಾಗಿತ್ತು. ಅದು ಅಗರ್ತಲಾದಿಂದ 170 ಕಿ.ಮೀ. ಮೇಲೆ, ಕೈಲಾಶಹರದ ಕಡೆ. ಇದು ಅಮರಪುರದ ಹತ್ತಿರ, ಅಗರ್ತಲಾದಿಂದ 80 ಕಿ.ಮೀ. ಆಸುಪಾಸು. ಇಲ್ಲಿ ಹತ್ತುವ ಮಾತೇ ಇಲ್ಲ. ಬಂಡೆ ನೀರಿನಿಂದ ಗೋಡೆ ಥರ ನೆಟ್ಟಗೆ ಎದ್ದಿದೆ, ದೋಣಿಯಲ್ಲಿ ಕೂತೇ ಎಲ್ಲ ನೋಡಬೇಕು. ದೋಣಿಗೆ ಇಳಿಯುವಾಗ ಮಾತ್ರ ಇಬ್ಬರು ಕೈ ಹಿಡಿದುಕೊಳ್ಳಿ. ನಾವು ಹೋದಾಗ ಅಲ್ಲಿ ಕೆಸರಿತ್ತು, ನನ್ನ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಮೈಸೂರಿನಿಂದ: ನಾವು ಮಾಡಿದ ತಪ್ಪು ನೀವು ಮಾಡಬೇಡಿ. ತಿಂಡಿ ತಿಂದು ನಿಧಾನಕ್ಕೆ ಹೊರಟು, ದಾರಿಯಲ್ಲಿ ಉದಯಪುರದ ತ್ರಿಪುರಸುಂದರಿ ದರ್ಶನ ಮಾಡಿ, ಅಲ್ಲಿನ ಪೇಡಕ್ಕೆ ಸಾಲು ನಿಂತು, ಊಟ ಮುಗಿಸಿ ದೋಣಿ ಹತ್ತುವಷ್ಟರಲ್ಲಿ ಮೂರೂವರೆ. ಆ ಕಡೆ ಡಿಸೆಂಬರಿನಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ನಮ್ಮ ಊರಿನ ಲೆಕ್ಕ ನಡೆಯಲ್ಲ. ಎರಡೂ ದಂಡೆಯಲ್ಲಿ ದಟ್ಟ ಕಾಡು, ಆಗಲೇ ನೆರಳು ಬಿದ್ದಿತ್ತು. ನನ್ನ ಫೋಟೋಗಳಲ್ಲಿ ದೇವರೂ ಇಲ್ಲ, ಬಂಡೆಯೂ ಇಲ್ಲ, ಬರೀ ಕಪ್ಪು.

ಹುಬ್ಬಳ್ಳಿಯಿಂದ: ದೋಣಿಗೆ ತಲೆಗಿಷ್ಟಾ, ಇಡೀ ದೋಣಿಗಿಷ್ಟಾ ಅಂತ ಮೊದಲೇ ಮಾತಾಡಿಕೊಳ್ಳಿ. ನಾವು ಕೇಳದೆ ಹತ್ತಿ ವಾಪಸ್ ಬಂದ ಮೇಲೆ ಸುಮ್ನೆ ಜಗಳ ಆಯಿತು. ಇನ್ನೊಂದು, ಮಹಿಷಮರ್ದಿನಿ ಎದುರು ಬಂದಾಗ ಇಂಜಿನ್ ನಿಲ್ಲಿಸಲು ಹೇಳಿ. ಸುಮಾರು 20 ಅಡಿ ಎತ್ತರದ ಮೂರ್ತಿ, ಅಲ್ಲಿಯವರು ಚಕ್ರಾಕ್‌ಮಾ ಅನ್ನುತ್ತಾರೆ. ಇಂಜಿನ್ ಸದ್ದು ನಿಂತ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಪಾಚಿ ಹಿಡಿದು, ಸಂದುಗಳಲ್ಲಿ ಜರೀಗಿಡ ಬೆಳೆದು, ಯಾವುದು ಕೈ ಯಾವುದು ಬೇರು ಗೊತ್ತಾಗಲ್ಲ. ದೇವಿಯ ಕೈಗಳನ್ನು ಎಣಿಸುತ್ತಾ ಎರಡು ಸಲ ಲೆಕ್ಕ ತಪ್ಪಿದೆ. ಬೇಲೂರು ಹಳೇಬೀಡಿನ ನುಣುಪು ಇಲ್ಲಿ ಹುಡುಕಬೇಡಿ. 15–16ನೇ ಶತಮಾನದ ಕೆಲಸ ಅನ್ನುತ್ತಾರೆ, ಒರಟಾಗಿದೆ. ನನಗಂತೂ ಆ ಒರಟುತನವೇ ಜಾಸ್ತಿ ಹಿಡಿಸಿತು. ಇಷ್ಟು ನೆಟ್ಟಗಿನ ಬಂಡೆಗೆ ಉಳಿ ಹಿಡಿದು ಹೇಗೆ ನೇತಾಡಿದರೋ!

ಬೆಂಗಳೂರಿನಿಂದ: ಅಮ್ಮನನ್ನು ಹಮ್‌ಸಫರ್ ರೈಲಿನಲ್ಲಿ ಮಾತ್ರ ಕರೆದುಕೊಂಡು ಹೋಗಬೇಡಿ, ಅಗರ್ತಲಾಕ್ಕೆ ನೇರ ಹೋಗುತ್ತದೆ ನಿಜ, ಆದರೆ ಎರಡೂವರೆ ದಿನಕ್ಕೂ ಜಾಸ್ತಿ. ವಿಮಾನವೇ ವಾಸಿ. ಹಿಂದಿನ ರಾತ್ರಿ ಉದಯಪುರದಲ್ಲಿ ಉಳಿದರೆ ಬೆಳಿಗ್ಗೆಯೇ ದೋಣಿ ಹತ್ತಬಹುದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಉನಕೋಟಿ ಕೈಬಿಟ್ಟೆವು, ಉದಯಪುರದಲ್ಲಿ ರೂಮ್ ನೋಡುತ್ತಿದ್ದೇನೆ. ಪೇಡ ವಾಪಸ್ ಬರುವಾಗಲೇ ತಗೋ ಅಂತ ಅಮ್ಮನ ಆರ್ಡರ್ ಆಗಿದೆ.